1/56 ಅಳತೆಯ ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್ ಕೈಯಲ್ಲೇ ಮಾಡಿದ್ದೇನೆ, ಆದ್ರೆ ಏನೋ ಎತ್ತರ ಕಾಣ್ತಿದೆ. ನೋಡಿ ಹೇಳಿ

ತೋರಣಗಲ್ಲು ಫಿಟ್ಟರ್

ಎಲ್ಲರಿಗೂ ನಮಸ್ಕಾರ. ನಾನಿರೋದು ತೋರಣಗಲ್ಲಿನಲ್ಲಿ, ಸ್ಟೀಲ್ ಪ್ಲಾಂಟ್‌ನಲ್ಲಿ ಫಿಟ್ಟರ್ ಕೆಲಸ. ಹೊಸಪೇಟೆಯಲ್ಲಿ ಗೆಳೆಯರೊಬ್ಬರ ಮನೆ ಮಹಡಿ ಮೇಲೆ ನಾಲ್ಕು ಜನ ಭಾನುವಾರ ಸೇರಿ ಎರಡನೇ ಮಹಾಯುದ್ಧದ ಮೇಜಿನಾಟ ಆಡುತ್ತೇವೆ. ಆರಡಿಗೆ ನಾಲ್ಕಡಿ ಪ್ಲೈವುಡ್ ಮೇಜು, 28 ಮಿ.ಮೀ. ಸೈನಿಕರು, ದಾಳ, ಟೇಪು. ಇಷ್ಟು ದಿನ ನನ್ನ ಕಡೆ ಬರೀ ಕಾಲಾಳುಗಳು. ಈ ಸಲ 1942ರ ಪಶ್ಚಿಮ ಮರುಭೂಮಿಯ (ಈಜಿಪ್ಟ್, ಲಿಬಿಯಾ ಕಡೆಯ) ಆಟಕ್ಕೆ ಒಂದು ಆರ್ಮರ್ಡ್ ಕಾರ್ ಬೇಕಿತ್ತು.

ಯಾವ ಗಾಡಿ ಅಂತ ಜಾಸ್ತಿ ಯೋಚನೆ ಮಾಡಲಿಲ್ಲ. ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು 1940ರಿಂದ 1944ರವರೆಗೆ ನಮ್ಮ ದೇಶದಲ್ಲೇ ಕಟ್ಟಿದ ನಾಲ್ಕು ಚಕ್ರದ ಗಾಡಿ. ಚಾಸಿ ಕೆನಡಾದ ಫೋರ್ಡ್‌ನಿಂದ ಬರುತ್ತಿತ್ತು, ಮೇಲಿನ ಉಕ್ಕಿನ ಪ್ಲೇಟು ಜಮ್ಷೆಡ್‌ಪುರದ ಟಾಟಾದ್ದು. ಅದಕ್ಕೇ ಇದಕ್ಕೆ 'ಟಾಟಾನಗರ್' ಅಂತಲೂ ಹೆಸರು. ಒಟ್ಟು 4,655 ಗಾಡಿ ಕಟ್ಟಿದರು. ಮೇಲೆ ಮುಚ್ಚಳ ಇಲ್ಲ, ಒಳಗೆ ಮೂರ್ನಾಲ್ಕು ಜನ, ಒಂದು ಬ್ರೆನ್ ಗನ್ (ಹಗುರ ಮಷಿನ್ ಗನ್), ಟ್ಯಾಂಕ್ ಹೊಡೆಯೋಕೆ ಒಂದು ಬಾಯ್ಸ್ ಬಂದೂಕು, ಅಷ್ಟೇ. ದಿನಾ ಉಕ್ಕಿನ ಪ್ಲೇಟು ನೋಡೋ ನನಗೆ ಬೇರೆ ಯಾವ ಗಾಡಿಯೂ ಮನಸ್ಸಿಗೆ ಬರಲಿಲ್ಲ.

ಅಳತೆ ಹೀಗೆ ಹಾಕಿಕೊಂಡೆ. ಅಸಲಿ ಗಾಡಿ ಉದ್ದ ಸುಮಾರು 4.7 ಮೀಟರ್, ಅಗಲ 2.3, ಎತ್ತರ 2. ಎಲ್ಲವನ್ನೂ 56ರಿಂದ ಭಾಗಿಸಿದರೆ 84, 41, 36 ಮಿ.ಮೀ. 3 ಮಿ.ಮೀ. ಸನ್‌ಬೋರ್ಡ್ (ಅಂಗಡಿ ಬೋರ್ಡ್‌ಗೆ ಹಾಕೋ ಹಗುರ ಪ್ಲಾಸ್ಟಿಕ್ ಹಲಗೆ) ಕತ್ತರಿಸಿ ಫೆವಿಕ್ವಿಕ್‌ನಲ್ಲಿ ಅಂಟಿಸಿದೆ. ಮೊದಲು ತಳ, ತಳದ ಮೇಲೆ ನಾಲ್ಕು ಗೋಡೆ, ತಳದ ಕೆಳಗೆ ಸೈಕಲ್ ಸ್ಪೋಕ್‌ನ ಆಕ್ಸಲ್. ಚಕ್ರಕ್ಕೆ ಹುಲಿಗಿ ಜಾತ್ರೆಯಲ್ಲಿ ಮಗನಿಗೆ ತಂದಿದ್ದ ಆಟಿಕೆ ಜೀಪ್ ಬಿಚ್ಚಿದೆ, 20 ಮಿ.ಮೀ. ಇವೆ.

ಈಗ ವರ್ನಿಯರ್ ಹಿಡಿದರೆ ಉದ್ದ 84, ಅಗಲ 41, ಎರಡೂ ಸರಿ. ಎತ್ತರ ಮಾತ್ರ 41. ಅಗಲದಷ್ಟೇ ಎತ್ತರ! ಫೋಟೋದಲ್ಲಿ ಕಾಣೋ ಗಾಡಿ ನೆಲಕ್ಕೆ ಕುಳಿತ ಹಾಗಿದೆ, ನನ್ನದು ಡಬ್ಬಿಗೆ ಚಕ್ರ ಹಾಕಿದ ಹಾಗಿದೆ. ಗೋಡೆಗಳೂ ದಪ್ಪ ಕಾಣುತ್ತಿವೆ. ಇದರ ಮೇಲೆ ಪ್ರೈಮರ್ ಸ್ಪ್ರೇ ಹೊಡೆದದ್ದು ಮಧ್ಯಾಹ್ನ ಎರಡು ಗಂಟೆಗೆ, ಮೈಯೆಲ್ಲ ರವೆ ಉದುರಿಸಿದ ಹಾಗೆ ತರಿತರಿ ಆಗಿದೆ.

ನನಗೆ ತಿಳಿಯಬೇಕಾದ್ದು ಇಷ್ಟು. ಬಿಚ್ಚಿ ಮತ್ತೆ ಮಾಡಬೇಕಾ, ಇದನ್ನೇ ಸರಿಮಾಡಬಹುದಾ? ಆಟದ ಮೇಜಿಗೆ ಗಾಡಿ ಚೆನ್ನಾಗಿದೆ ಅಂತ ಯಾವುದನ್ನ ನೋಡಿ ಹೇಳುತ್ತೀರಿ? ಕೊನೆಗೆ ಧೂಳಿಗೆ ನಮ್ಮ ಸಂಡೂರಿನ ಕೆಂಪು ಅದಿರಿನ ಪುಡಿ ಹಚ್ಚಬೇಕು ಅಂತ ಆಸೆ ಇದೆ, ಒಂದು ಡಬ್ಬಿ ತುಂಬ ಸೋಸಿ ಇಟ್ಟಿದ್ದೇನೆ. ಹಚ್ಚಲಾ?

ಕೌಲ್‌ಬಜಾರ್ ಬೋರ್ಡ್

ಅಣ್ಣ, ನಾನು ಬಳ್ಳಾರಿಯಲ್ಲಿ ಅಂಗಡಿ ಬೋರ್ಡ್, ಸ್ಟಿಕ್ಕರ್ ಕೆಲಸ ಮಾಡುವವನು. ಯುದ್ಧದ ಆಟ ಒಂದೆರಡು ಸಲ ನೋಡಿದ್ದೇನೆ ಅಷ್ಟೇ, ಆದ್ರೆ ಸನ್‌ಬೋರ್ಡ್ ದಿನಾ ಕೈಯಲ್ಲಿರುತ್ತೆ. ಬಿಚ್ಚಬೇಡಿ. ತಪ್ಪು ಎರಡೇ ಕಡೆ ಇದೆ.

ಒಂದು, ಗೋಡೆಗಳನ್ನ ತಳದ ಮೇಲೆ ನಿಲ್ಲಿಸಿದ್ದೀರಿ. ತಳದ ದಪ್ಪ 3 ಮಿ.ಮೀ. ಪೂರ್ತಿ ಎತ್ತರಕ್ಕೆ ಸೇರಿಕೊಂಡಿತು. ನಾವು ಅಕ್ಷರದ ಡಬ್ಬಿ ಮಾಡುವಾಗಲೂ ಹೊಸ ಹುಡುಗರು ಇದೇ ಮಾಡುತ್ತಾರೆ, ಬೋರ್ಡ್‌ನ ದಪ್ಪ ಲೆಕ್ಕದಿಂದ ಕಳೆಯೋದನ್ನ ಮರೆಯುತ್ತಾರೆ. ಗೋಡೆ ಕಿತ್ತು ಹಾಕೋದು ಬೇಡ. ಆಕ್ಸಲ್ ತಳದ ಕೆಳಗೆ ಅಂಟಿದೆ ಅಲ್ವಾ, ಅದನ್ನ ಬಿಡಿಸಿ, ತಳದಲ್ಲೇ ಗರಗಸದಿಂದ ತೋಡು ಕೊರೆದು ಆಕ್ಸಲ್ ಅನ್ನ ಅದರೊಳಗೆ ಕೂರಿಸಿ. 3 ಮಿ.ಮೀ. ಅಲ್ಲೇ ಇಳಿಯುತ್ತೆ. ಉಳಿದ 2 ಚಕ್ರದ್ದು ಇರಬೇಕು, ಅದನ್ನ ತಿಳಿದವರು ಹೇಳಲಿ.

ಎರಡು, ದಪ್ಪ. ನಿಮ್ಮ ಲೆಕ್ಕವನ್ನೇ ತಿರುಗಿಸಿ ನೋಡಿ. 3 ಮಿ.ಮೀ. ಬೋರ್ಡ್ 56 ಪಟ್ಟು ಅಂದ್ರೆ 168 ಮಿ.ಮೀ. ದಪ್ಪದ ಉಕ್ಕು ಆಯಿತು! ಅಸಲಿ ಗಾಡಿಯ ಪ್ಲೇಟು ಎಷ್ಟು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತೆ. ಮುಚ್ಚಿದ ಗಾಡಿ ಆಗಿದ್ರೆ ಯಾರಿಗೂ ಕಾಣುತ್ತಿರಲಿಲ್ಲ. ಮೇಲೆ ತೆರೆದಿರೋದ್ರಿಂದ ಗೋಡೆಯ ಅಂಚು ಎದ್ದು ಕಾಣುತ್ತೆ. ಹೀಗೆ ಮಾಡಿ. ಹೊಸ ಬ್ಲೇಡ್ ಹಾಕಿ ಗೋಡೆಯ ಮೇಲಂಚನ್ನ ಒಳಗಡೆಯಿಂದ ಓರೆಯಾಗಿ ಸೀಳಿ, ಹೊರಗಿನ ಮುಖ ಮುಟ್ಟಬೇಡಿ. ಆಮೇಲೆ ಹೊರಗಡೆ ಒಂದು ಲಗ್ನಪತ್ರಿಕೆಯ ಕಾರ್ಡ್ ಅಂಟಿಸಿ, ಬೋರ್ಡಿಗಿಂತ ಅರ್ಧ ಮಿ.ಮೀ. ಮೇಲೆ ನಿಲ್ಲೋ ಹಾಗೆ. ಗಟ್ಟಿ ಲಗ್ನಪತ್ರಿಕೆ ಹೆಚ್ಚುಕಡಿಮೆ 0.3 ಮಿ.ಮೀ. ಇರುತ್ತೆ. ಕಣ್ಣಿಗೆ ಕಾಣೋದು ಆ ಕಾರ್ಡಿನ ಅಂಚು ಮಾತ್ರ. ಒಳಗಿನ ಬೋರ್ಡ್ ಸುಮ್ನೆ ಬೆನ್ನೆಲುಬು. ಕಾರ್ಡಿಗೆ ಎರಡೂ ಕಡೆ ತೆಳ್ಳಗೆ ಫೆವಿಕ್ವಿಕ್ ಕುಡಿಸಿದರೆ ಪ್ಲಾಸ್ಟಿಕ್ ತರ ಗಟ್ಟಿ ಆಗುತ್ತೆ, ಉಜ್ಜಿದರೂ ನಾರು ಏಳಲ್ಲ.

ಸ್ಪ್ರೇ ವಿಷಯ. ಬಳ್ಳಾರಿ ಬಿಸಿಲಲ್ಲಿ ಮಧ್ಯಾಹ್ನ ಸ್ಪ್ರೇ ಹೊಡೆದರೆ ಹನಿ ಬೋರ್ಡ್ ಮುಟ್ಟೋಕೆ ಮುಂಚೆ ಗಾಳಿಯಲ್ಲೇ ಒಣಗುತ್ತೆ. ಒಣ ಪುಡಿ ಬಂದು ಕೂರುತ್ತೆ, ಅದೇ ನಿಮ್ಮ ರವೆ. 400 ನಂಬರ್ ನೀರಿನ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ, ಬೆಳಿಗ್ಗೆ ಆರೂವರೆ ಏಳರೊಳಗೆ ಮತ್ತೆ ಹೊಡೀರಿ. ಡಬ್ಬಿ ಒಂದು ಗೇಣಿಗಿಂತ ಜಾಸ್ತಿ ದೂರ ಹಿಡಿಯಬೇಡಿ. ಇನ್ನೊಂದು ಮಾತು, ಮಾಡಿ ಮುಗಿಸಿದ ಮೇಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ. ಮೇ ತಿಂಗಳಲ್ಲಿ ನಮ್ಮ ದೊಡ್ಡ ಬೋರ್ಡ್‌ಗಳೇ ಬಾಗಿವೆ, ನಿಮ್ಮದು ಅಂಗೈ ಅಗಲದ್ದು.

ನಮ್ಮ ಅಜ್ಜ ಆಗಿನ ಸೈನ್ಯದಲ್ಲಿ ಲಾರಿ ಡ್ರೈವರ್. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬರ್ಮಾ ಕಡೆ ಹೋಗಿ ಬಂದವರು. ಯುದ್ಧದ ಸುದ್ದಿ ಯಾವತ್ತೂ ಎತ್ತುತ್ತಿರಲಿಲ್ಲ, ರೇಡಿಯೇಟರಿಗೆ ನೀರು ಹುಡುಕಿದ್ದು ಮಾತ್ರ ಹೇಳೋರು. ನಿಮ್ಮ ಪೋಸ್ಟ್ ಓದಿ ಅವರ ನೆನಪಾಯಿತು, ಅದಕ್ಕೇ ಇಷ್ಟುದ್ದ ಬರೆದೆ.

ಸಿಂಧನೂರು ಹುಡುಗ

ಇಷ್ಟೆಲ್ಲ ಯಾಕೆ ಅಣ್ಣ, ಬೆಂಗಳೂರಿಂದ 3ಡಿ ಪ್ರಿಂಟ್ ತರಿಸಿ. ರೆಸಿನ್‌ದು ಬಂದ್ರೆ ಒಂದೊಂದು ನಟ್ಟೂ ಕಾಣುತ್ತೆ, ಅಳತೆ ತಪ್ಪೋ ಮಾತೇ ಇಲ್ಲ. ನಾನು ಹಾಗೇ ಮಾಡಿದ್ದು.

ರಾಯಚೂರು ದಾಳ

ಪ್ರಿಂಟ್ ಚೆನ್ನಾಗಿರುತ್ತೆ ತಮ್ಮ, ಬೇಡ ಅನ್ನಲ್ಲ. ಆದ್ರೆ ಇವರು ಕೇಳಿದ್ದು ತಾವು ಮಾಡಿದ್ದನ್ನ ಹೇಗೆ ಅಳೆಯೋದು ಅಂತ. ಆ ಪ್ರಶ್ನೆಗೆ ಬರುತ್ತೇನೆ. ನಾನು ಈ ಆಟ ಎಂಟು ವರ್ಷದಿಂದ ಆಡುತ್ತಿದ್ದೇನೆ, ಗಾಡಿ ಹತ್ತು ಹನ್ನೆರಡು ಮಾಡಿದ್ದೇನೆ, ಅದರಲ್ಲಿ ಈಗಲೂ ಮೇಜಿಗೆ ಇಳಿಯೋದು ಐದು.

ಮೊದಲು ಮೂರಡಿ ದೂರ ನಿಂತು ನೋಡಿ. ಆಟದಲ್ಲಿ ಗಾಡಿ ಇರೋದು ಅಲ್ಲೇ, ಕಣ್ಣಿಗೂ ಮೇಜಿಗೂ ಮೂರಡಿ. ಅಲ್ಲಿಂದ ನಟ್ಟು ಬೋಲ್ಟು ಕಾಣಲ್ಲ. ಕಾಣೋದು ಆಕಾರ, ಚಕ್ರದ ದಪ್ಪ, ಗಾಡಿ ನೆಲಕ್ಕೆ ಹೇಗೆ ಕೂತಿದೆ ಅನ್ನೋದು. ಈ ಕ್ಯಾರಿಯರ್‌ನ ಮುಖ ಅಂದ್ರೆ ಅದರ ಓರೆ ಪ್ಲೇಟುಗಳು. ಬೆಳಕು ಬಿದ್ದಾಗ ಒಂದು ಪ್ಲೇಟು ತಿಳಿ, ಪಕ್ಕದ್ದು ಗಾಢ ಕಾಣಬೇಕು. ನಿಮ್ಮ ಎರಡನೇ ಫೋಟೋದಲ್ಲಿ ಮುಂದಿನ ಪ್ಲೇಟಿನ ಓರೆ ಸರಿಯಾಗಿದೆ, ಅದಕ್ಕೇ ಡಬ್ಬಿ ತರ ಇದ್ದರೂ ನೋಡಿದ ತಕ್ಷಣ ಯಾವ ಗಾಡಿ ಅಂತ ಗೊತ್ತಾಯಿತು. ಅರ್ಧ ಕೆಲಸ ಗೆದ್ದಿದ್ದೀರಿ. ಒಂದೇ ಎಚ್ಚರಿಕೆ, ಈ ಗಾಡಿಯಲ್ಲಿ ಒಂದನೇ ಮಾರ್ಕ್, ಎರಡನೇ ಮಾರ್ಕ್ ಅಂತ ಬೇರೆ ಬೇರೆ ಮಾದರಿ ಬಂದವು. ಒಂದೇ ಫೋಟೋ ಮುಂದಿಟ್ಟುಕೊಂಡು ಅದರಂತೆ ಮಾಡಿ, ಎರಡು ಮೂರು ಫೋಟೋದಿಂದ ತುಂಡು ತುಂಡು ತೆಗೆದರೆ ಎಲ್ಲೂ ಇಲ್ಲದ ಗಾಡಿ ಆಗುತ್ತೆ.

ಈಗ ಚಕ್ರ. ಈ ಚಾಸಿಗೆ 16 ಇಂಚಿನ ರಿಮ್ ಬರುತ್ತಿತ್ತು. 9.00-16 ಟೈರ್ ಹಾಕಿದರೆ ಹೊರಗಿನ ವ್ಯಾಸ 90 ಸೆಂ.ಮೀ. ಆಸುಪಾಸು. 56ರಿಂದ ಭಾಗಿಸಿ, 16 ಮಿ.ಮೀ. ನೀವು ಹಾಕಿದ್ದು 20. ಅಂದ್ರೆ ಆಕ್ಸಲ್ 2 ಮಿ.ಮೀ. ಮೇಲೆ ಹೋಯಿತು. ಕೌಲ್‌ಬಜಾರಿನವರು ಹುಡುಕುತ್ತಿದ್ದ 2 ಮಿ.ಮೀ. ಇಲ್ಲಿದೆ. ನೀವು ಫಿಟ್ಟರ್ ಅಂದಿರಿ, ಗ್ಯಾಸ್ಕೆಟ್ ಕತ್ತರಿಸೋ ಹಾಲೋ ಪಂಚ್ ನಿಮ್ಮ ಹತ್ತಿರ ಇದ್ದೇ ಇರುತ್ತೆ. 5 ಮಿ.ಮೀ. ರಬ್ಬರ್ ಪ್ಯಾಕಿಂಗ್ ಶೀಟಿನಿಂದ 16ರ ಪಂಚ್‌ನಲ್ಲಿ ನಾಲ್ಕು ಬಿಲ್ಲೆ ಹೊಡೀರಿ, ಸ್ಟೆಪ್ನಿಗೆ ಇನ್ನೊಂದು. ಟೈರಿನ ಅಗಲವೂ ಹೆಚ್ಚುಕಡಿಮೆ ಸರಿಹೋಗುತ್ತೆ. ರಿಮ್‌ಗೆ ಬಳ್ಳಾರಿಯಲ್ಲಿ ಏನು ಕೊರತೆ, ಜೀನ್ಸ್ ಹೊಲಿಯೋ ಕಡೆ ಜೇಬಿನ ಮೂಲೆಗೆ ಹಾಕೋ ರಿವೆಟ್ ಕೇಳಿ. 9 ಮಿ.ಮೀ. ಇರುತ್ತೆ, ಒಂದು ಮಿ.ಮೀ. ದೊಡ್ಡದು ಅನ್ನೋದು ಬಿಟ್ಟರೆ ಬಟ್ಟಲಿನ ಆಕಾರ ಹೇಳಿ ಮಾಡಿಸಿದ ಹಾಗಿದೆ.

ಆದ್ರೆ ಆಕ್ಸಲ್ ಒಳಗೆ ಕೂರಿಸಿ ಇನ್ನೂ 3 ಮಿ.ಮೀ. ಇಳಿಸೋದು ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. 28 ಮಿ.ಮೀ. ಸೈನಿಕ ಅಂದ್ರೆ ಪಾದದಿಂದ ಕಣ್ಣಿನವರೆಗೆ 28. ಅಸಲಿ ಅಳತೆಯಲ್ಲಿ 1.57 ಮೀಟರ್. ಗಾಡಿ 2 ಮೀಟರ್. ಸೈನಿಕ ಗಾಡಿ ಪಕ್ಕ ನಿಂತರೆ ಗಾಡಿಯ ಮೇಲಂಚು ಅವನ ಕಣ್ಣಿಗಿಂತ 43 ಸೆಂ.ಮೀ. ಮೇಲಿರಬೇಕು, ನಮ್ಮ ಅಳತೆಗೆ 8 ಮಿ.ಮೀ. ಈಗ ಮೇಜಿನ ಮೇಲೆ ಏನಾಗುತ್ತೆ? ಸೈನಿಕ ಬರಿಗಾಲಲ್ಲಿ ನಿಂತಿಲ್ಲ, ಕಾಲಡಿ ಅಂಟಿಸಿದ 3 ಮಿ.ಮೀ. ಬಿಲ್ಲೆ ಮೇಲೆ ನಿಂತಿದ್ದಾನೆ. ಅವನ ಕಣ್ಣು 31ಕ್ಕೆ ಬಂತು. ಗಾಡಿ 36 ಇದ್ದರೆ ಬರೀ 5 ಮಿ.ಮೀ. ಮೇಲೆ, ಆಟಿಕೆ ಪಕ್ಕ ದೊಡ್ಡ ಮನುಷ್ಯ ನಿಂತ ಹಾಗೆ ಕಾಣುತ್ತೆ. 39 ಇದ್ದರೆ ಸರಿಯಾಗಿ 8. ನೀವು ತಪ್ಪಿ ಸೇರಿಸಿದ ಆ 3 ಮಿ.ಮೀ. ಸೈನಿಕನ ಬಿಲ್ಲೆಗೆ ಸರಿಹೋಯಿತು. ಚಕ್ರ ಮಾತ್ರ ಬದಲಾಯಿಸಿ, ತಳ ಮುಟ್ಟಬೇಡಿ.

ಬಂದೂಕು. ಬಾಯ್ಸ್ ಉದ್ದ 1.57 ಮೀಟರ್, ಅಂದ್ರೆ 28 ಮಿ.ಮೀ., ನಿಮ್ಮ ಸೈನಿಕನ ಕಣ್ಣೆತ್ತರದಷ್ಟೇ ಉದ್ದ. ಎಷ್ಟೋ ಜನ ಇದನ್ನ ಗಿಡ್ಡ ಮಾಡಿಬಿಡುತ್ತಾರೆ. ಬ್ರೆನ್ 21 ಮಿ.ಮೀ. ಸಾಕು. ನಳಿಗೆಗೆ ಸಿರಿಂಜ್ ಸೂಜಿ ಹಾಕಿ, ತುದಿಯಲ್ಲಿ ತೂತು ತಾನಾಗಿಯೇ ಬರುತ್ತೆ, ಹುಷಾರಾಗಿ ಚೂಪು ಉಜ್ಜಿ ತೆಗೀರಿ, ಮನೆಯಲ್ಲಿ ಮಗು ಇದೆ. ಎತ್ತಿ ಇಡುವಾಗ ಮೊದಲು ಮುರಿಯೋದು ನಳಿಗೆಯೇ, ಪ್ಲಾಸ್ಟಿಕ್‌ನಲ್ಲಿ ಮಾಡಲೇಬೇಡಿ. ಗಾಡಿಯ ಹೊಟ್ಟೆಯೊಳಗೆ ತೂಕಕ್ಕೆ ಎರಡು ವಾಷರ್ ಅಂಟಿಸಿ. ನಮ್ಮ ಊರಲ್ಲಿ ಬೇಸಿಗೆಗೆ ಫ್ಯಾನ್ ಐದರಲ್ಲಿ ಓಡುತ್ತೆ, ಸನ್‌ಬೋರ್ಡ್ ಗಾಡಿ ಅಳತೆ ಹಿಡಿಯುವಾಗಲೇ ಜರುಗಿಬಿಡುತ್ತೆ.

ಆಟದ ಲೆಕ್ಕದಲ್ಲಿ ಇದನ್ನ ಟ್ಯಾಂಕ್ ತರ ನುಗ್ಗಿಸಬೇಡಿ. ನಾವು ಆಡೋ ನಿಯಮದಲ್ಲಿ ಚಕ್ರದ ಗಾಡಿ ಸರದಿಗೆ 12 ಇಂಚು, ಜೋರಾಗಿ ಹೋದರೆ 24. ಟ್ಯಾಂಕಿನ ತರ ಉಕ್ಕಿನ ಟ್ರ್ಯಾಕ್ ಇರೋ ಗಾಡಿ 9, 18. ವೇಗ ಇದೆ, ಆದ್ರೆ ಮೇಲೆ ತೆರೆದಿರೋದ್ರಿಂದ ಬರೀ ಬಂದೂಕಿನ ಗುಂಡಿಗೂ ಒಳಗಿನವರು ತಲೆ ತಗ್ಗಿಸಬೇಕಾಗುತ್ತೆ. ಅಸಲಿ ಗಾಡಿಯ ಪ್ಲೇಟು ಅತಿ ದಪ್ಪ ಅಂದ್ರೆ 14 ಮಿ.ಮೀ., ಜರ್ಮನರ ಟೈಗರ್ ಟ್ಯಾಂಕಿನ ಮುಂಭಾಗ 100. ನೋಡೋದು, ಸುದ್ದಿ ತರೋದು, ಹಿಂದೆ ಸರಿಯೋದು, ಇದರ ಕೆಲಸ ಅದು. ಹಾಗೆ ಆಡಿಸಿದರೆ ಗಾಡಿ ಕೊನೆಯ ಸರದಿಯವರೆಗೆ ಉಳಿಯುತ್ತೆ.

ಮುಂದೆ ಬರ್ಮಾ ಆಡೋ ಹಾಗಿದ್ದರೆ ಡೈಮ್ಲರ್ ಆರ್ಮರ್ಡ್ ಕಾರ್ ನೋಡಿ. 1945ರಲ್ಲಿ ನಮ್ಮ 16ನೇ ಲೈಟ್ ಕ್ಯಾವಲ್ರಿ ರೆಜಿಮೆಂಟ್ ಅಲ್ಲಿ ಆರ್ಮರ್ಡ್ ಕಾರುಗಳಲ್ಲಿ ಹೋಯಿತು, ಮುಂದೆ ಸೇನಾ ಮುಖ್ಯಸ್ಥರಾದ ಜೆ. ಎನ್. ಚೌಧುರಿ ಆಗ ಅದರ ಕಮಾಂಡರ್. ಡೈಮ್ಲರ್‌ಗೆ ಹಿಂದುಗಡೆಯೂ ಒಂದು ಸ್ಟಿಯರಿಂಗ್ ಇತ್ತು, ಐದು ಗೇರೂ ಹಿಂದಕ್ಕೂ ಓಡುತ್ತಿದ್ದವು. ಬಹಳ ಇಷ್ಟದ ಗಾಡಿ ನನಗೆ. ಆದ್ರೆ ಗೋಪುರ (ಮೇಲೆ ತಿರುಗೋ ತೋಪಿನ ಗೂಡು), ಮಡ್‌ಗಾರ್ಡ್ ಎಲ್ಲ ಸೇರಿ ಕೆಲಸ ಕಷ್ಟ. ಮೊದಲ ಗಾಡಿಗೆ ನೀವು ಆರಿಸಿದ್ದೇ ಸರಿ, ಸಪಾಟು ಪ್ಲೇಟು, ಬ್ಲೇಡಿಗೆ ಬಗ್ಗುತ್ತೆ.

ತೋರಣಗಲ್ಲು ಫಿಟ್ಟರ್

ಇಬ್ಬರಿಗೂ ತುಂಬಾ ಧನ್ಯವಾದ. ಸೈನಿಕನ ಬಿಲ್ಲೆ ನನ್ನ ಲೆಕ್ಕದಲ್ಲೇ ಇರಲಿಲ್ಲ. ಈಗಲೇ ಒಬ್ಬನನ್ನ ಪಕ್ಕ ನಿಲ್ಲಿಸಿ ನೋಡಿದೆ. ಹಾಲೋ ಪಂಚ್ ಇದೆ, ರಬ್ಬರ್ ಶೀಟಿನ ಚೂರೂ ಇದೆ. ಜೀನ್ಸ್ ರಿವೆಟ್ ಹುಡುಕಬೇಕು. ಸಿಂಧನೂರಿನ ತಮ್ಮ, ನಿನ್ನ ಪ್ರಿಂಟ್‌ನ ಫೋಟೋ ಹಾಕು, ಪ್ಲೇಟು ಎಲ್ಲಿ ಎಲ್ಲಿ ಸೇರುತ್ತೆ ಅಂತ ನೋಡೋಕೆ ನನಗೆ ಉಪಯೋಗ ಆಗುತ್ತೆ.

ಎರಡು ಸಂದೇಹ ಉಳಿದಿವೆ. ಗೋಡೆ ಸೇರುವ ಮೂಲೆಗಳಲ್ಲಿ ಸಂದು ಕಾಣುತ್ತಿದೆ, ಅಂಗಡಿಯಲ್ಲಿ ಸಿಕ್ಕ ಪುಟ್ಟಿ ಹಾಕಿದರೆ ಒಣಗಿ ಬಿರುಕು ಬಿಡುತ್ತಿದೆ. ಆಮೇಲೆ ಆ ಕೆಂಪು ಪುಡಿ.

ಕಿನ್ನಾಳ ರಸ್ತೆ

ನಾನು ಕೊಪ್ಪಳದವನು. ನಮ್ಮ ಕಡೆ ಕಿನ್ನಾಳದ ಚಿತ್ರಗಾರರು ಮರದ ಗೊಂಬೆ ಮಾಡೋದನ್ನ ಚಿಕ್ಕಂದಿನಿಂದ ಪಕ್ಕ ಕೂತು ನೋಡಿದ್ದೇನೆ, ನಾಲ್ಕೈದು ಬೇಸಿಗೆ ರಜೆಯಲ್ಲಿ ಉಜ್ಜೋ ಕೆಲಸಕ್ಕೂ ಹೋಗಿದ್ದೇನೆ. ಸಂದು ಮುಚ್ಚೋ ವಿದ್ಯೆ ಅವರ ಹತ್ತಿರ ಕಲಿಯಬೇಕು ರೀ.

ಅವರು ಮರದ ತುಂಡುಗಳನ್ನ ಸೇರಿಸೋದೇ ಹುಣಸೆ ಬೀಜದ ಅಂಟಿನಲ್ಲಿ. ಬೀಜ ನೆನೆಸಿ ಅರೆದು ಕಾಯಿಸಿದರೆ ಗಂಜಿ ತರ ಬರುತ್ತೆ. ಅದಕ್ಕೆ ಮರದ ಹೊಟ್ಟು ಕಲಸಿ ಸಂದಿಗೆ ತುಂಬುತ್ತಾರೆ. ಅದರ ಮೇಲೆ ಸಣ್ಣ ಸಣ್ಣ ಹತ್ತಿ ಬಟ್ಟೆ ತುಂಡು ಅದೇ ಅಂಟಿನಲ್ಲಿ ಅಂಟಿಸುತ್ತಾರೆ. ಬಿರುಕು ಬಿಡದೇ ಇರೋ ಗುಟ್ಟು ಆ ಬಟ್ಟೆಯಲ್ಲಿದೆ, ಪುಟ್ಟಿ ಒಣಗಿ ಕುಗ್ಗುವಾಗ ಬಟ್ಟೆ ಹಿಡಿದುಕೊಳ್ಳುತ್ತೆ. ನೀವು ಸನ್‌ಬೋರ್ಡಿಗೆ ಹುಣಸೆ ಬೀಜ ಹುಡುಕಬೇಕಾಗಿಲ್ಲ, ಅದು ಮರಕ್ಕೆ ಹಿಡಿದ ಹಾಗೆ ಪ್ಲಾಸ್ಟಿಕ್‌ಗೆ ಹಿಡಿಯಲ್ಲ. ಮೂಲೆಗೆ ಟಿಶ್ಯೂ ಪೇಪರ್‌ನ 4 ಮಿ.ಮೀ. ಪಟ್ಟಿ ಇಟ್ಟು ಮೇಲಿಂದ ತೆಳು ಫೆವಿಕ್ವಿಕ್ ಹನಿಸಿ. ಒಂದು ನಿಮಿಷದಲ್ಲಿ ಕಲ್ಲಾಗುತ್ತೆ. ಉಜ್ಜಿ. ಸಂದು ಮಾಯ.

ಇನ್ನೊಂದು ಇದೆ, ನನಗೆ ಬಹಳ ಖುಷಿ ಕೊಟ್ಟಿದ್ದು. ಗೊಂಬೆಯ ಒಡವೆ ಎದ್ದು ಕಾಣೋಕೆ ಅವರು ಕಲ್ಲಿನ ಪುಡಿ, ಅಂಟು ಕಲಸಿದ ಗಟ್ಟಿ ಹಿಟ್ಟಿನಿಂದ ಉಬ್ಬು ಕೆಲಸ ಮಾಡುತ್ತಾರೆ. ಮುತ್ತಿನ ಸರ ಅಂದ್ರೆ ಸಾಲಾಗಿ ಸಣ್ಣ ಸಣ್ಣ ಚುಕ್ಕೆ. ನಿಮ್ಮ ಗಾಡಿಯ ರಿವೆಟ್ಟೂ ಅದೇ ಅಲ್ವಾ! ಫೆವಿಕಾಲ್‌ಗೆ ಸೋಸಿದ ಸೀಮೆಸುಣ್ಣದ ಪುಡಿ ಕಲಸಿ, ಹಲ್ಲುಕಡ್ಡಿ ತುದಿ ಅದ್ದಿ, ಪ್ಲೇಟಿಗೆ ಮುಟ್ಟಿಸಿ ನೆಟ್ಟಗೆ ಮೇಲಕ್ಕೆ ಎತ್ತಿ. ಒತ್ತಬೇಡಿ, ಎಳೆಯಬೇಡಿ. ಚುಕ್ಕೆಗೆ ಮೊದಲು ಬಾಲ ಇರುತ್ತೆ, ಅರ್ಧ ನಿಮಿಷದಲ್ಲಿ ತಾನೇ ಕುಳಿತು ಗುಂಡಗಾಗುತ್ತೆ. ಅರ್ಧ ಮಿ.ಮೀ. ಮೀರಬಾರದು. ಪೆನ್ಸಿಲ್ ಗೆರೆ ಎಳೆದು ಸಾಲು ಇಟ್ಟುಕೊಳ್ಳಿ, ಫೋಟೋದಲ್ಲಿ ಎಲ್ಲಿ ಕಾಣುತ್ತೋ ಅಲ್ಲಿ ಮಾತ್ರ ಇಡಿ. ಮೈತುಂಬ ಇಟ್ಟರೆ ಗಾಡಿಗೆ ಬೊಬ್ಬೆ ಎದ್ದ ಹಾಗೆ ಕಾಣುತ್ತೆ.

ಕೆಂಪು ಪುಡಿ ಹಚ್ಚಬೇಡಿ. ಸಂಡೂರಿನ ಧೂಳು ನಮ್ಮ ಕಣ್ಣಿಗೆ ಧೂಳು ಅಂದ್ರೆ ಇದೇ ಅನಿಸುತ್ತೆ, ನಮ್ಮ ಲಾರಿ, ಮರ, ಮನೆ ಎಲ್ಲ ಅದೇ ಬಣ್ಣ. ಆದ್ರೆ ಈಜಿಪ್ಟ್, ಲಿಬಿಯಾದ ಆ ಕಡೆ ಮಣ್ಣು ತಿಳಿ ಹಳದಿ. ಗಾಡಿಗೂ ಮರಳಿನ ಬಣ್ಣ ಬಳಿಯುತ್ತಿದ್ದರು. ಅದಕ್ಕೆ ಪೂಜೆ ಸಾಮಾನಿನ ಅಂಗಡಿಯಲ್ಲಿ ಸಿಗೋ ಗೋಪಿಚಂದನ ತಂದು ಪುಡಿ ಮಾಡಿ, ಸ್ವಲ್ಪ ರಂಗೋಲಿ ಪುಡಿ ಸೇರಿಸಿ ಒಣ ಬ್ರಷ್‌ನಲ್ಲಿ ಹಚ್ಚಿ. ಚಕ್ರದ ಸುತ್ತ ಜಾಸ್ತಿ, ಮೇಲೆ ಹೋದಂತೆ ಕಡಿಮೆ. ಮೇಲೆ ವಾರ್ನಿಶ್ ಹೊಡೆದರೆ ಅರ್ಧ ಧೂಳು ಮಾಯವಾಗಿ ಬಣ್ಣ ಗಾಢ ಆಗುತ್ತೆ, ಅದಕ್ಕೇ ಬೇಕಾದ್ದಕ್ಕಿಂತ ತಿಳಿಯಾಗಿ, ಸ್ವಲ್ಪ ಜಾಸ್ತಿ ಹಚ್ಚಬೇಕು.

ನಿಮ್ಮ ಅದಿರಿನ ಪುಡಿ ದಂಡ ಆಗಲ್ಲ. ಅದಿರೂ ತುಕ್ಕೂ ಎರಡೂ ಕಬ್ಬಿಣದ ಆಕ್ಸೈಡೇ. ಸೈಲೆನ್ಸರ್ ಕೊಳವೆಗೆ ಒಂದು ಚಿಟಿಕೆ ಹಚ್ಚಿ ನೋಡಿ, ಅಂಗಡಿಯಲ್ಲಿ ಸಿಗೋ ಯಾವ ತುಕ್ಕಿನ ಬಣ್ಣವೂ ಅದರ ಮುಂದೆ ನಿಲ್ಲಲ್ಲ.

ಗಾಡಿ ಮೇಲೆ ಬರೆಯೋ ಸೇನಾ ಗುರುತಿಗೆ 5ನೇ ಇಂಡಿಯನ್ ಡಿವಿಷನ್‌ನದ್ದು ಹಾಕಿ. ಕಪ್ಪು ಚೌಕದಲ್ಲಿ ಕೆಂಪು ಉಂಡೆ. 1942ರಲ್ಲಿ ಅವರು ಮರುಭೂಮಿಯಲ್ಲೇ ಇದ್ದರು. 4ನೇ ಡಿವಿಷನ್‌ನ ಕೆಂಪು ಹದ್ದು ಚೆಂದ, ಆದ್ರೆ 4 ಮಿ.ಮೀ. ಜಾಗದಲ್ಲಿ ಹದ್ದು ಬರೆಯೋದು ದೊಡ್ಡ ಚಿತ್ರಗಾರರ ಕೈ ಕೆಲಸ. ಉಂಡೆಗೆ ಗುಂಡುಪಿನ್ನಿನ ತಲೆ ಬಣ್ಣದಲ್ಲಿ ಅದ್ದಿ ಒತ್ತಿದರೆ ಮುಗಿಯಿತು.

ಕೌಲ್‌ಬಜಾರ್ ಬೋರ್ಡ್

ರಾಯಚೂರಿನವರ ಲೆಕ್ಕ ಎರಡು ಸಲ ಓದಿದೆ. ಒಪ್ಪಿದೆ, ಆದ್ರೆ ಒಂದು ಪ್ರಶ್ನೆ ಇದೆ. ಆಟದ ಮೇಜಿನ ಮೇಲೆ ಮರೆಗೆ ಇಡೋ ಗೋಡೆ ಇರುತ್ತಲ್ಲ, ಅದಕ್ಕೆ ಬಿಲ್ಲೆ ಇಲ್ಲ. 39 ಇದ್ದ ಗಾಡಿ ಗೋಡೆಯ ಹಿಂದೆ ನಿಂತರೆ ಮೇಲೆ 3 ಮಿ.ಮೀ. ಜಾಸ್ತಿ ಕಾಣುತ್ತೆ. ಎದುರಿನವನು ಕಾಣುತ್ತಿದೆ ಅಂತ ಗುಂಡು ಹೊಡೆದರೆ?

ಜೀನ್ಸ್ ರಿವೆಟ್ ಹುಡುಕೋಕೆ ಹೋಗಬೇಡಿ ಅಣ್ಣ, ನಮ್ಮ ಪಕ್ಕದಲ್ಲೇ ಹೊಲಿಗೆ ಯೂನಿಟ್ ಇದೆ. ಹತ್ತು ತೆಗೆದಿಟ್ಟಿರುತ್ತೇನೆ.

ರಾಯಚೂರು ದಾಳ

ಒಳ್ಳೇ ಪ್ರಶ್ನೆ. ನಾವು ಆಟ ಶುರು ಮಾಡೋ ಮುಂಚೆ ಮಾತಾಡಿಕೊಳ್ಳುತ್ತೇವೆ, ಯಾವ ಗೋಡೆ ಗಾಡಿಯನ್ನ ಮರೆ ಮಾಡುತ್ತೆ, ಯಾವುದು ಮಾಡಲ್ಲ ಅಂತ. ಕೈಯಲ್ಲಿ ಮಾಡಿದ ಗಾಡಿ ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಇರೋದೇ. ಆದ್ರೆ ಬೇಕು ಅಂತ ಗಿಡ್ಡ ಮಾಡಿ ತಂದು ಅಡಗಿಸೋದು ನಾನು ಒಪ್ಪಲ್ಲ. ಎತ್ತರ ಇದ್ದರೆ ನಷ್ಟ ಮಾಡಿದವರಿಗೇ, ಎದುರಿನವರಿಗೆ ಅನ್ಯಾಯ ಆಗಲ್ಲ.

ಇನ್ನೊಂದು ಮರೆತಿದ್ದೆ. ಸಾಮಾನು ಹೇರಿ! ಮರುಭೂಮಿಯ ಗಾಡಿ ಖಾಲಿ ಇರುತ್ತಿರಲಿಲ್ಲ, ಹಾಸಿಗೆ ಸುರುಳಿ, ನೀರು, ಪೆಟ್ರೋಲ್ ಎಲ್ಲ ಹೊರಗೇ ನೇತಾಡುತ್ತಿತ್ತು. ಬ್ರಿಟಿಷರ ನಾಲ್ಕು ಗ್ಯಾಲನ್ ತಗಡಿನ ಡಬ್ಬಿ ಸೋರುತ್ತಿದ್ದವು ಅಂತ ಜರ್ಮನರ ಜೆರ್ರಿ ಕ್ಯಾನ್ ಕೈಗೆ ಸಿಕ್ಕರೆ ಯಾರೂ ಬಿಡುತ್ತಿರಲಿಲ್ಲ. 20 ಲೀಟರಿನ ಕ್ಯಾನ್ ಎತ್ತರ 47 ಸೆಂ.ಮೀ., ನಮಗೆ 8 ಮಿ.ಮೀ. ಚಿಲ್ಲರೆ. ಎರಡು ಹಾಕಿ ಸಾಕು. ಹಾಸಿಗೆಗೆ ಟಿಶ್ಯೂ ಪೇಪರ್ ಫೆವಿಕಾಲ್ ನೀರಲ್ಲಿ ಅದ್ದಿ ಸುತ್ತಿ, ದಾರದಿಂದ ಕಟ್ಟಿ. ಡೆನಿಮ್ ಚೂರು ಮಾತ್ರ ಬೇಡ, ಆ ನೇಯ್ಗೆ ಈ ಅಳತೆಗೆ ಹಗ್ಗದ ಮಂಚದಷ್ಟು ದಪ್ಪ ಕಾಣುತ್ತೆ.

ತೋರಣಗಲ್ಲು ಫಿಟ್ಟರ್

ಮೂರು ವಾರ ಆಯಿತು, ಮುಗಿಸಿದೆ. ಫೋಟೋ ಹಾಕಿದ್ದೇನೆ.

ಎತ್ತರ ಈಗ 39. ಚಕ್ರ ಬದಲಾಯಿಸಿದ ತಕ್ಷಣ ಗಾಡಿ ಕುಳಿತುಬಿಟ್ಟಿತು, 2 ಮಿ.ಮೀ. ಇಷ್ಟು ವ್ಯತ್ಯಾಸ ಮಾಡುತ್ತೆ ಅಂತ ಅಂದುಕೊಂಡಿರಲಿಲ್ಲ. ರಬ್ಬರ್ ಬಿಲ್ಲೆ ಪಂಚ್ ಹೊಡೆದಾಗ ಒಂದು ಕಡೆ ಅಂಚು ಒಳಗೆ ಬಾಗುತ್ತಿತ್ತು, ಕೆಳಗೆ ಬೇವಿನ ಹಲಗೆ ಇಟ್ಟು ಒಂದೇ ಏಟಿಗೆ ಹೊಡೆದ ಮೇಲೆ ಸರಿಬಂತು. ಜೀನ್ಸ್ ರಿವೆಟ್ಟಿನ ತಾಮ್ರದ ಬಣ್ಣ ಮುಚ್ಚೋಕೆ ಎರಡು ಕೋಟ್ ಪ್ರೈಮರ್ ಬೇಕಾಯಿತು.

ಲಗ್ನಪತ್ರಿಕೆ ಕೆಲಸ ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದಿತು. ಅಂಚು ಸೀಳುವಾಗ ಎರಡು ಸಲ ಬ್ಲೇಡ್ ಹೊರಗೆ ಬಂತು. ಆದ್ರೆ ಈಗ ಮೇಲಿಂದ ನೋಡಿದರೆ ಗೋಡೆ ಪ್ಲೇಟಿನ ಹಾಗೇ ಕಾಣುತ್ತೆ. ಪ್ಲಾಂಟ್‌ನಲ್ಲಿ ಪ್ಲೇಟಿನ ಅಂಚು ದಿನಾ ನೋಡುತ್ತೇನೆ, ಅದೇ ತೆಳುವು, ಅದೇ ನೇರ. ಬಹಳ ಹೊತ್ತು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾ ಕುಳಿತಿದ್ದೆ.

ರಿವೆಟ್ ಚುಕ್ಕೆ 62 ಇಟ್ಟೆ. ಮೊದಲ ಇಪ್ಪತ್ತು ಕೆರೆದು ತೆಗೆದೆ, ಕಲಸಿದ್ದು ನೀರಾಗಿತ್ತು, ಹರಡಿಬಿಟ್ಟವು. ಸೀಮೆಸುಣ್ಣ ಜಾಸ್ತಿ ಮಾಡಿದ ಮೇಲೆ ಕಿನ್ನಾಳ ರಸ್ತೆಯವರು ಹೇಳಿದ ಹಾಗೇ ಬಾಲ ಕುಳಿತು ಗುಂಡಗಾಯಿತು. ಪ್ರೈಮರ್ ಬೆಳಿಗ್ಗೆ ಆರೂಮುಕ್ಕಾಲಿಗೆ ಹೊಡೆದೆ, ಕನ್ನಡಿ ತರ ಬಂತು. ಗೋಪಿಚಂದನ ಹಚ್ಚಿದ್ದು ಅಮ್ಮನಿಗೆ ಇಷ್ಟ ಆಗಲಿಲ್ಲ, ದೇವರ ಮನೆಯದ್ದು ಮುಟ್ಟಲಿಲ್ಲ, ಬೇರೆ ತಂದಿದ್ದೇನೆ ಅಂದ ಮೇಲೆ ಸುಮ್ಮನಾದರು. ಸೈಲೆನ್ಸರ್‌ಗೆ ಸಂಡೂರಿನ ಪುಡಿ ಹಚ್ಚಿದ್ದೇನೆ, ಹತ್ತಿರದಿಂದ ತೆಗೆದ ನಾಲ್ಕನೇ ಫೋಟೋ ನೋಡಿ.

ಭಾನುವಾರ ಮೇಜಿಗೆ ಇಳಿಯಿತು. ಎರಡು ಸರದಿ ಗುಡ್ಡದ ಪಕ್ಕ ನಿಂತು ಬರೀ ನೋಡಿದೆ, ಮೂರನೇ ಸರದಿಗೆ ಇಟಲಿಯವರ ಟ್ಯಾಂಕ್ ಒಂದು ಪಕ್ಕೆ ತೋರಿಸಿತು, ಬಾಯ್ಸ್ ಹೊಡೆದೆ, ದಾಳ ಬೀಳಲಿಲ್ಲ. ಅದು ತಿರುಗೋಕೆ ಮುಂಚೆ ಹಿಂದೆ ಸರಿದೆ. ಕೊನೆಯವರೆಗೂ ಉಳಿಯಿತು. ಎದುರು ಆಡುತ್ತಿದ್ದ ಗೆಳೆಯ ಆಟ ಮುಗಿದ ಮೇಲೆ ಗಾಡಿ ಎತ್ತಿ ಒಳಗೆ ನೋಡಿ, ಡ್ರೈವರ್ ಸೀಟು ಎಲ್ಲಿ ಅಂತ ಕೇಳಿದ. ಒಳಗೆ ಇನ್ನೂ ಖಾಲಿ ಇದೆ. ವಾಷರ್ ಕಾಣುತ್ತಿವೆ.

ಹಾಗಾಗಿ ಈಗ ಒಳಗಿನ ಕೆಲಸ. ಸೀಟು, ಸ್ಟಿಯರಿಂಗ್, ಗುಂಡಿನ ಪೆಟ್ಟಿಗೆ ಮಾಡಬೇಕು, ಇಬ್ಬರು ಸೈನಿಕರನ್ನ ಸೊಂಟದವರೆಗೆ ಕತ್ತರಿಸಿ ನಿಲ್ಲಿಸಬೇಕು. ಈ ಗಾಡಿಯ ಒಳಭಾಗ ಚೆನ್ನಾಗಿ ಕಾಣೋ ಫೋಟೋ ಯಾರ ಹತ್ತಿರ ಆದರೂ ಇದ್ದರೆ ಹಾಕಿ. ಕೌಲ್‌ಬಜಾರಿನವರೇ, ಶನಿವಾರ ಬಳ್ಳಾರಿಗೆ ಬರುತ್ತಿದ್ದೇನೆ, 1 ಮಿ.ಮೀ. ಬೋರ್ಡಿನ ಚೂರು ಇದ್ದರೆ ಎತ್ತಿಡಿ. ಗಾಡಿಯನ್ನೂ ತರುತ್ತೇನೆ, ಕೈಯಲ್ಲಿ ಹಿಡಿದು ನೋಡುವಿರಂತೆ.